ಪರದೆ ಅಂಗಡಿಯ ಏಣಿಯಕ್ಕ

ಮಾರುಕಟ್ಟೆ ಬೀದಿಯ ಪರದೆ ಅಂಗಡಿಯಲ್ಲಿ ಮಡಚುವ ಕಬ್ಬಿಣದ ಏಣಿಯೊಂದು ಗೋಡೆಗೆ ಒರಗಿಕೊಂಡಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಅವಳಿದ್ದಳಲ್ಲ. ಅಟ್ಟದ ಮೇಲಿನ ಸಾಲಿನಿಂದ ಬಟ್ಟೆಯ ಸುರುಳಿ ಇಳಿಸಬೇಕಾದಾಗಲೆಲ್ಲ ಯಜಮಾನರು ಕೂತಲ್ಲಿಂದಲೇ "ಏಣೀ!" ಎಂದು ಕೂಗುತ್ತಿದ್ದರು. ಅವಳು ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು, ಕೈಯೆತ್ತಿ, ಗಿಡದಿಂದ ಕಾಯಿ ಕಿತ್ತಷ್ಟು ಸಲೀಸಾಗಿ ಸುರುಳಿ ಇಳಿಸಿ ಹೋಗುತ್ತಿದ್ದಳು. ಮೊದಮೊದಲು ತಮಾಷೆಯಾಗಿದ್ದದ್ದು ಬರಬರುತ್ತ ಹೆಸರೇ ಆಯಿತು. ಅವಳಿಗೆ ನಲವತ್ತು ದಾಟಿದ ಮೇಲೆ ಹೊಸದಾಗಿ ಸೇರಿದ ದರ್ಜಿಗಳು ಮರ್ಯಾದೆಗೆಂದು ಒಂದು 'ಅಕ್ಕ' ಸೇರಿಸಿದರು. ಹಾಗೆ ಅವಳು ಏಣಿಯಕ್ಕ ಆದಳು.

ಅವಳ ಎತ್ತರ ಆರಡಿಯ ಮೇಲೆ ಇನ್ನೂ ಒಂದೆರಡು ಅಂಗುಲ. ಎಷ್ಟು ಎಂದು ಸರಿಯಾಗಿ ಗೊತ್ತಿಲ್ಲ, ಏಕೆಂದರೆ ಅವಳು ಅಳೆಸಿಕೊಂಡವಳಲ್ಲ. ಇಡೀ ದಿನ ಊರವರ ಕಿಟಕಿಗಳನ್ನು ಅಳೆಯುವುದೇ ಕೆಲಸವಾದರೂ ತನ್ನ ಮೈಗೆ ಟೇಪು ಹಿಡಿದದ್ದಿಲ್ಲ.

ಎತ್ತರ ಬಂದದ್ದು ಅಪ್ಪನಿಂದ. ಅಪ್ಪ ನಗರದ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸಿನ ಛಾವಣಿ ಅವರ ತಲೆಗಿಂತ ತಗ್ಗು. ಕುತ್ತಿಗೆ ಬಾಗಿಸಿಕೊಂಡು ಟಿಕೆಟ್ ಹರಿದು ಹರಿದು, ನಿವೃತ್ತರಾಗುವ ಹೊತ್ತಿಗೆ ಅವರು ಬಯಲಲ್ಲಿ ನಿಂತರೂ ಬಸ್ಸಿನೊಳಗೇ ನಿಂತಂತೆ ಕಾಣುತ್ತಿದ್ದರು. "ನಾನು ಬಗ್ಗಿದ್ದು ತಗಡಿಗೆ ಕಣೆ, ಯಾವ ಮನುಷ್ಯನಿಗೂ ಅಲ್ಲ" ಎಂದು ನಗುತ್ತಿದ್ದರು. ಮಗಳಿಗೆ ಹಾಗೆ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಅವಳು ಬಗ್ಗಿದ್ದು ಮನುಷ್ಯರಿಗೇ.

ಹದಿಮೂರಕ್ಕೆ ಅಮ್ಮನನ್ನು ಮೀರಿದಳು, ಹದಿನೈದಕ್ಕೆ ಶಾಲೆಯ ಮೇಷ್ಟ್ರನ್ನು. ಅಂಗಡಿಗೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಅಮ್ಮ ಪಕ್ಕೆಗೆ ತಿವಿದು ಪಿಸುಗುಟ್ಟುತ್ತಿದ್ದಳು: "ಸ್ವಲ್ಪ ಬಗ್ಗೇ, ಎಲ್ರೂ ನೋಡ್ತಿದ್ದಾರೆ." ಅಮ್ಮ ಕೆಟ್ಟವಳೇನಲ್ಲ. ಮಗಳ ಮೇಲೆ ಬೀಳುವ ಕಣ್ಣುಗಳನ್ನು ತಡೆಯಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ. ಮಗಳು ಭುಜ ಒಳಗೆಳೆದು, ಕತ್ತು ಮುಂದೆ ಚಾಚಿ, ಮೊಣಕಾಲು ತುಸು ಸಡಿಲಿಸಿ ನಿಲ್ಲುವುದನ್ನು ಕಲಿತಳು. ಕಲಿತ ಮೇಲೆ ಅದೇ ಅವಳ ನಿಲುವಾಯಿತು.

ಮದುವೆಯ ವಯಸ್ಸಿನಲ್ಲಿ ಒಂದು ಒಳ್ಳೆಯ ಕಡೆಯಿಂದ ಮಾತು ಬಂದಿತ್ತು. ಹುಡುಗ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ, ಸಾಧು ಮನುಷ್ಯ. ಅವನಿಗೆ ಅವಳು ಹಿಡಿಸಿದ್ದೂ ನಿಜ. ಮಾತೆಲ್ಲ ಮುಗಿದು ಏಳುವ ಹೊತ್ತಿಗೆ ಹುಡುಗನ ಚಿಕ್ಕಮ್ಮ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದಳು. "ಎಲ್ಲಾ ಸರಿ. ಆದ್ರೆ ನಾಳೆ ಇವನು ಹೆಂಡ್ತಿ ಕಿವೀಲಿ ಒಂದು ಗುಟ್ಟು ಹೇಳ್ಬೇಕಂದ್ರೆ ಸ್ಟೂಲ್ ಹತ್ತಬೇಕಲ್ಲ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗನೂ ನಕ್ಕ. ನಗದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆಂದು ಅವಳೂ ನಕ್ಕಳು. ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಬಂದವರು ಇನ್ನೂ ಬೇಗ ಎದ್ದು ಹೋದರು. ಸಾಧಾರಣ ಎತ್ತರದ ತಂಗಿಗೆ ಮದುವೆಯಾಯಿತು. ದೊಡ್ಡವಳ ವಿಷಯವನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟರು.

ಈಗ ಅಪ್ಪ ಇಲ್ಲ, ಅಮ್ಮನೂ ಇಲ್ಲ. ಬ್ಯಾಟರಿ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಒಲೆ, ಬೀದಿಯ ಕಡೆಗೊಂದು ಕಿಟಕಿ. ಕೆಳಗಿನಿಂದ ಆಮ್ಲದ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಬಾಗಿಲಿನ ಮೇಲ್ಚೌಕಟ್ಟಿಗೆ ಅಪ್ಪ ಎಂದೋ ಹಳೆಯ ಪರದೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಮೊಳೆ ಹೊಡೆದಿದ್ದರು, ಹಣೆ ಬಡಿದರೆ ನೋಯದಿರಲೆಂದು. ಕನ್ನಡಿ ಅಮ್ಮನ ಎತ್ತರಕ್ಕೆ ತೂಗುತ್ತಿತ್ತು. ಏಣಿಯಕ್ಕ ಅದನ್ನು ಮೇಲೆ ಸರಿಸಲಿಲ್ಲ. ಬೆಳಿಗ್ಗೆ ತಲೆ ಬಾಚುವಾಗ ಕಾಲು ಅಗಲಿಸಿ ಬಗ್ಗುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಯಾರಾದರೂ ಬುದ್ಧಿಮಾತಾಗಿ ಹೇಳಿದರೆ ಅವಳಿಗೆ ನಗು ಬರುತ್ತಿತ್ತು. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದ ಗಾದೆ ಅದೊಂದೇ.

ಭಾನುವಾರಗಳು ಉದ್ದವಾಗಿರುತ್ತಿದ್ದವು. ತಂಗಿ ಇದೇ ಊರಿನ ಇನ್ನೊಂದು ತುದಿಯಲ್ಲಿದ್ದಳು. ಅವಳಿಗೆ ಗಂಡ, ಮಕ್ಕಳು, ಅತ್ತೆಯ ಔಷಧಿ. ಫೋನಿನಲ್ಲಿ "ಬರ್ತೀನಿ ಕಣೆ ಅಕ್ಕ, ಈ ವಾರ ಆಗ್ಲಿಲ್ಲ" ಅನ್ನುವಳು. ಏಣಿಯಕ್ಕ "ಆಗಲಿ ಬಿಡು" ಅನ್ನುವಳು. ಅಷ್ಟರಲ್ಲಿ ಆ ಕಡೆ ಯಾವುದಾದರೊಂದು ಕುಕ್ಕರ್ ಕೂಗುತ್ತಿತ್ತು.

ಆ ವರ್ಷ ಊರಿಗೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಕ್ರೀಡಾಕೂಟ ಬಂತು. ಎಲ್ಲೆಲ್ಲಿಂದಲೋ ಸಾವಿರಾರು ಹುಡುಗ ಹುಡುಗಿಯರು ಬರುತ್ತಾರಂತೆ, ಈಜು, ಓಟ, ಕತ್ತಿವರಸೆ, ಚೆಂಡಿನ ಆಟಗಳೆಲ್ಲ ಇವೆಯಂತೆ ಎಂದು ಮಾರುಕಟ್ಟೆಯಲ್ಲಿ ಅದೇ ಮಾತು. ರಸ್ತೆಗಳಿಗೆ ಬಿಳಿ ಗೆರೆ ಬಿತ್ತು. ಮುರಿದ ಕಾಲುದಾರಿಗೆ ಹೊಸ ಕಲ್ಲು ಬಂತು. ವರ್ಷಗಟ್ಟಲೆ ಉರಿಯದ ಬೀದಿದೀಪ ಹಗಲಲ್ಲೂ ಉರಿಯತೊಡಗಿತು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ" ಎಂದು ಪರದೆ ಅಂಗಡಿಯ ಯಜಮಾನರು ಬಂದ ಗಿರಾಕಿಗಳ ಮುಂದೆಲ್ಲ ಸಿಡುಕಿದರು. ಆಟಗಾರರು ಉಳಿಯುವ ಕಟ್ಟಡಗಳಿಗೆ ಪರದೆ ಹೊಲಿಯುವ ಗುತ್ತಿಗೆಯಲ್ಲಿ ಒಂದು ಪಾಲು ಅವರಿಗೇ ಸಿಕ್ಕಿದ ಮೇಲೆ ಮಲ್ಲಿಗೆಯ ವಾಸನೆ ಪರವಾಗಿಲ್ಲ ಅನ್ನಿಸಿರಬೇಕು, ಸುಮ್ಮನಾದರು.

ಪರದೆಗಳು ದಪ್ಪ ಬಟ್ಟೆಯವು, ಒಳಗೆ ಕಪ್ಪು ಅಸ್ತರು. ದೂರದೇಶದಿಂದ ಬಂದವರಿಗೆ ನಮ್ಮ ಹಗಲು ಅವರ ರಾತ್ರಿ, ಅವರಿಗೆ ಮಲಗಲು ಕತ್ತಲೆ ಬೇಕು ಎಂದು ಆ ಕಟ್ಟಡಗಳ ಮೇಲ್ವಿಚಾರಕ ವಿವರಿಸಿದ. ದರ್ಜಿಗಳು ಹೊಲಿದರು. ಕೋಣೆಯಿಂದ ಕೋಣೆಗೆ ಹೋಗಿ ಸರಳು ಸಿಕ್ಕಿಸಿ ಪರದೆ ತೂಗುಹಾಕುವುದು ಏಣಿಯಕ್ಕನ ಪಾಲಿಗೆ ಬಂತು. ಕೊನೆಯ ಕಟ್ಟಡಕ್ಕೆ ಬಂದಾಗ ಅವಳಿಗೆ ಏನೋ ಬೇರೆ ಅನ್ನಿಸಿತು. ಅಲ್ಲಿನ ಮಂಚಗಳ ಕಾಲ್ತುದಿಗೆ ಒಂದೊಂದು ಮರದ ಪೆಟ್ಟಿಗೆ ಜೋಡಿಸಿ ಉದ್ದ ಮಾಡಿದ್ದರು. ಸ್ನಾನದ ಕೋಣೆಯಲ್ಲಿ ಕೈ ತೊಳೆಯಲು ಹೋದವಳು ತಲೆಯೆತ್ತಿದರೆ ಎದುರಿಗೆ ತನ್ನ ಮುಖ, ಹಣೆಯಿಂದ ಗಲ್ಲದವರೆಗೆ ಪೂರ್ತಿ ಇತ್ತು. ಬಗ್ಗದೆ ಕಂಡ ಮುಖ. ಯಾರೋ ಬೇರೆಯವಳು ಬಂದು ನಿಂತಳೆಂದು ಒಂದು ಗಳಿಗೆ ಬೆಚ್ಚಿದಳು.

"ಕನ್ನಡಿ ತಪ್ಪಾಗಿ ಮೇಲೆ ಹಾಕಿದ್ದಾರೆ ಅನ್ಕೊಂಡ್ರಾ?" ಎಂದ ಮೇಲ್ವಿಚಾರಕ. "ಈ ಕಟ್ಟಡ ಬ್ಯಾಸ್ಕೆಟ್ ಬಾಲ್ ಆಡೋ ಹುಡ್ಗೀರಿಗೆ. ಎಲ್ಲಾ ಉದ್ದುದ್ದ ಇರ್ತಾರಂತೆ."

ಅವನು ಕೊಕ್ಕೆ ತರಲು ಕೆಳಗಿಳಿದಾಗ ಅವಳು ಬಾಗಿಲು ಮುಂದೆ ಮಾಡಿ ಆ ಮಂಚದ ಮೇಲೆ ಮಲಗಿ ನೋಡಿದಳು. ಕಾಲು ಚಾಚಿದಳು. ಇನ್ನೂ ಚಾಚಿದಳು. ಹಿಮ್ಮಡಿ ಮಂಚದೊಳಗೇ ಉಳಿಯಿತು. ಕೂಡಲೇ ಎದ್ದು, ಹಾಸಿಗೆಯ ಸುಕ್ಕು ಬಿಡಿಸಿ, ಕದ್ದವಳ ಹಾಗೆ ಕಿಟಕಿಯ ಕಡೆ ತಿರುಗಿ ನಿಂತಳು.

ಕೂಟ ಶುರುವಾಯಿತು. ಸರಳು ಕಳಚಿದರೆ, ಕೊಕ್ಕೆ ಬಿದ್ದರೆ ಸರಿಮಾಡಲು ಅಂಗಡಿಯಿಂದ ಒಬ್ಬರು ದಿನವೂ ಇರಬೇಕೆಂದು ಕರಾರು. ಏಣಿಯಕ್ಕನ ಕೊರಳಿಗೆ ಒಂದು ಪ್ಲಾಸ್ಟಿಕ್ ಗುರುತುಚೀಟಿ, ಮೈಗೆ ಕೆಲಸಗಾರರ ಪ್ಯಾಂಟು ಅಂಗಿ ಬಂತು. ಎರಡನೆಯ ದಿನವೋ ಮೂರನೆಯ ದಿನವೋ, ಕೊನೆಯ ಕಟ್ಟಡದ ಮೇಲಿನ ಮಹಡಿಯಿಂದ ಪರದೆ ಮುಚ್ಚುತ್ತಿಲ್ಲ ಎಂದು ಕರೆ ಬಂತು. ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು. ಎದುರಿದ್ದವರ ಮುಖ ಎಲ್ಲಿರುತ್ತದೆಂದು ರೂಢಿಯಿತ್ತಲ್ಲ, ಅಲ್ಲಿಗೇ ಕಣ್ಣು ಇಳಿಸಿದಳು. ಅಲ್ಲಿ ಮುಖ ಇರಲಿಲ್ಲ, ಅಂಗಿಯ ಮೇಲಿನ ಸಂಖ್ಯೆ ಇತ್ತು. ಕಣ್ಣು ಮೇಲೆತ್ತಬೇಕಾಯಿತು. ಇನ್ನೂ ಸ್ವಲ್ಪ ಎತ್ತಬೇಕಾಯಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೆಂಗಸಿನ ಗಲ್ಲವನ್ನು ಕೆಳಗಿನಿಂದ ನೋಡಿದಳು. ಕತ್ತಿನ ಹಿಂಭಾಗದಲ್ಲಿ ಎಂದೂ ಬಳಸದ ಯಾವುದೋ ನರ ಚುಳ್ಳೆಂದಿತು.

ಇಪ್ಪತ್ತರ ಹುಡುಗಿ. ಎಡಗಾಲಿನ ಕಣಕಾಲಿಗೆ ದಪ್ಪ ಪಟ್ಟಿ. ಬಂದ ದಿನದ ಅಭ್ಯಾಸದಲ್ಲೇ ಕಾಲು ಉಳುಕಿ, ತಂಡದವರೆಲ್ಲ ಆಡಲು ಹೋದರೆ ಇವಳೊಬ್ಬಳೇ ಕೋಣೆಯಲ್ಲಿ. ಪರದೆಯ ಸಂದಿಯಿಂದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು. ಸರಳಿನ ಒಂದು ತುದಿ ಸಡಿಲವಾಗಿತ್ತು. ಏಣಿಯಕ್ಕ ಈ ತುದಿ ಹಿಡಿದಳು. ಕೇಳದೆಯೇ ಹುಡುಗಿ ಕುಂಟುತ್ತ ಬಂದು ಆ ತುದಿ ಹಿಡಿದಳು. ಸ್ಟೂಲಿಲ್ಲ, ಏಣಿಯಿಲ್ಲ, ಇಬ್ಬರು ಹೆಂಗಸರು ನಿಂತಲ್ಲೇ ಕೈಯೆತ್ತಿ ಸರಳನ್ನು ಅದರ ಜಾಗಕ್ಕೆ ಕೂರಿಸಿದರು. ಒಬ್ಬರನ್ನೊಬ್ಬರು ನೋಡಿದರು. ಹುಡುಗಿ ಜೋರಾಗಿ ನಕ್ಕಳು. ಏಣಿಯಕ್ಕನಿಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮಾತಿಗೆ ಒಬ್ಬಳು ಸ್ವಯಂಸೇವಕಿ ಇದ್ದಳು. ನಮ್ಮೂರಿನದೇ ಕಾಲೇಜು ಹುಡುಗಿ, ಆ ತಂಡದ ಭಾಷೆ ಕಲಿತವಳು, ಎಲ್ಲರ ಭುಜಕ್ಕಿಂತ ಕೆಳಗೆ. "ನಿಮ್ಮಿಬ್ಬರ ಮಧ್ಯೆ ನಿಂತ್ರೆ ಬಾವಿ ಒಳಗೆ ನಿಂತ ಹಾಗಿರುತ್ತೆ" ಎನ್ನುತ್ತಲೇ ಅತ್ತಿಂದಿತ್ತ ಮಾತು ದಾಟಿಸುತ್ತಿದ್ದಳು. ಆಟಗಾರ್ತಿಯ ಹೆಸರು ಏಣಿಯಕ್ಕನ ನಾಲಿಗೆಗೆ ತಿರುಗಲಿಲ್ಲ. "ಮರಿ" ಎಂದಳು. ತನಗಿಂತ ಎತ್ತರದವಳನ್ನು ಮರಿ ಅನ್ನುವುದು ಎಂಥ ಸುಖ! ಮರಿ ತನ್ನ ದೇಶದಲ್ಲಿ ಪಶುವೈದ್ಯಕೀಯ ಓದುತ್ತಿದ್ದಳು. ಹಸುಗಳ ಹೊಟ್ಟೆಯೊಳಗೆ ಕೈ ಹಾಕಲು ಉದ್ದ ತೋಳು ಒಳ್ಳೆಯದು ಎಂದು ತೋಳು ಚಾಚಿ ತೋರಿಸಿದಳು.

ಮರುದಿನ ಆ ಕೋಣೆಯಿಂದ ಯಾವ ಕರೆಯೂ ಬರಲಿಲ್ಲ. ಆದರೂ ಮಧ್ಯಾಹ್ನ ಏಣಿಯಕ್ಕ ಹೋದಳು, ಕೊಕ್ಕೆ ಪರೀಕ್ಷಿಸುವ ನೆಪ ಮಾಡಿಕೊಂಡು. ಅದರ ಮರುದಿನ ನೆಪವೂ ಬೇಕಾಗಲಿಲ್ಲ. ಇಬ್ಬರೂ ಎದುರುಬದುರು ಮಂಚಗಳಲ್ಲಿ ಕಾಲು ಚಾಚಿ ಕೂತು ಸೇಬು ತಿಂದರು. ಒಂದು ದಿನ ಸ್ವಯಂಸೇವಕಿ ಇದ್ದಾಗ ಏಣಿಯಕ್ಕ ಬಹಳ ಹೊತ್ತು ಹಿಂದುಮುಂದು ನೋಡಿ ಕೇಳಿದಳು. "ಅವಳನ್ನ ಒಂದು ಮಾತು ಕೇಳಮ್ಮ. ಚಿಕ್ಕವಳಿದ್ದಾಗ ಅವಳಮ್ಮ ಬಗ್ಗು ಬಗ್ಗು ಅಂತ ಹೇಳ್ತಿರ್ಲಿಲ್ವಾ ಅಂತ."

ಸ್ವಯಂಸೇವಕಿ ಕೇಳಿದಳು. ಮರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿದಾಗ ಹುಬ್ಬು ಗಂಟಿಕ್ಕಿ ಏನೋ ಹೇಳಿದಳು.

"ಯಾಕೆ ಹೇಳ್ತಾರೆ? ನಮ್ಮಮ್ಮ ನನಗಿಂತ ಎತ್ತರ, ಅಂತಿದಾಳೆ."

ಏಣಿಯಕ್ಕ ಕೈಯಲ್ಲಿದ್ದ ಸೇಬಿನ ಹೋಳನ್ನು ನೋಡುತ್ತ ಕೂತಳು. ಅಂಥದೊಂದು ಮನೆ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಎತ್ತರದ ಅಮ್ಮ, ಎತ್ತರದ ಬಾಗಿಲು.

ಮರಿ ಎದ್ದು ಬಂದಳು. ಒಂದು ಅಂಗೈಯನ್ನು ಏಣಿಯಕ್ಕನ ಬೆನ್ನಿನ ನಡುವಿಗೆ ಇಟ್ಟಳು, ಇನ್ನೊಂದು ಕೈಯ ಎರಡು ಬೆರಳನ್ನು ಗಲ್ಲಕ್ಕೆ. ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಒಟ್ಟಿಗೆ ಒತ್ತಿದಳು. ಅದರಲ್ಲಿ ಕನಿಕರ ಇರಲಿಲ್ಲ. ಗೋಡೆಯ ಮೇಲೆ ವಾಲಿದ ಪಟವನ್ನು ಸರಿಪಡಿಸುವವರ ಹಾಗೆ, ಅಷ್ಟೇ. ಬೆನ್ನುಮೂಳೆ ಲಟಲಟ ಅಂದಿತು. ಸ್ವಯಂಸೇವಕಿ ಗಾಬರಿಯಾಗಿ "ಅಯ್ಯೋ, ಏನಾಯ್ತು?" ಎಂದಳು. "ಏನಿಲ್ಲ, ಕಿಟಕಿಯಾಚೆ ಮರ ಕಾಣ್ತಿದೆ" ಎಂದಳು ಏಣಿಯಕ್ಕ.

ಪಟ್ಟಿ ಸುತ್ತಿದ ಕಾಲಿಗೆ ಮರಿಯ ಬೂಟು ಹಿಡಿಸುತ್ತಿರಲಿಲ್ಲ. ಸಡಿಲವಾದ ಚಪ್ಪಲಿ ಬೇಕಿತ್ತು. ಆ ಅಳತೆಯ ಹೆಂಗಸರ ಚಪ್ಪಲಿ ಊರಲ್ಲೆಲ್ಲೂ ಸಿಗುವುದಿಲ್ಲವೆಂದು ಏಣಿಯಕ್ಕನಷ್ಟು ಬಲ್ಲವರು ಇನ್ಯಾರು? ತಾನು ವರ್ಷಗಳಿಂದ ಗಂಡಸರ ಚಪ್ಪಲಿ ಕೊಳ್ಳುವ ಅಂಗಡಿಗೇ ಕರೆದುಕೊಂಡು ಹೊರಟಳು. ಅಂದು ಸ್ವಯಂಸೇವಕಿಗೆ ಈಜುಕೊಳದಲ್ಲಿ ಕೆಲಸ, ಬಂದಿರಲಿಲ್ಲ. ತಣ್ಣನೆ ಗಾಳಿ ಬೀಸುತ್ತಿತ್ತು. ಮರಿ ತನ್ನ ತಂಡದ ಜಾಕೆಟ್ಟುಗಳಲ್ಲಿ ಒಂದನ್ನು ಏಣಿಯಕ್ಕನಿಗೆ ತೊಡಿಸಿ ಗುಂಡಿ ಹಾಕಿದಳು. ತೋಳು ಮಣಿಕಟ್ಟಿನವರೆಗೆ ಬಂತು. ಬೆನ್ನ ಮೇಲೆ ಬೇರೆ ಲಿಪಿಯ ದೊಡ್ಡ ಅಕ್ಷರಗಳು.

ಕುಂಟುವ ಮರಿ ಅವಳ ಭುಜದ ಮೇಲೆ ಕೈಯಿಟ್ಟು ನಡೆದಳು. ಒಬ್ಬರಿಗೆ ಊರುಗೋಲಾದವರಿಗೆ ಬಗ್ಗಲಾಗುವುದಿಲ್ಲ. ಹಾಗಾಗಿ ಏಣಿಯಕ್ಕ ನೆಟ್ಟಗೆ ನಡೆದಳು. ಮಾರುಕಟ್ಟೆಯಲ್ಲಿ ಜನ ನಿಂತು ನೋಡಿದರು. ನೋಟ ಹೊಸದಲ್ಲ, ಆದರೆ ಇಂದಿನ ನೋಟದ ರುಚಿ ಬೇರೆ. ದಾರಿ ಬಿಟ್ಟರು. "ಮೇಡಂ, ಮೇಡಂ" ಎಂದು ಒಬ್ಬ ಫೋನು ತೋರಿಸಿ ಫೋಟೊ ಬೇಡಿದ. ಹಣ್ಣಿನ ಗಾಡಿಯವಳು, ದಿನವೂ ಕಾಣುವವಳು, ಕೈಬೀಸಿ ಬೇರೆ ಭಾಷೆಯಲ್ಲಿ ಸ್ವಾಗತ ಹೇಳಿದಳು. ಏಣಿಯಕ್ಕ ತಲೆಯಾಡಿಸಿದಳು, ಬಾಯಿ ಬಿಡಲಿಲ್ಲ.

ಚಪ್ಪಲಿ ಅಂಗಡಿಯವನಿಗೂ ಗುರುತು ಸಿಗಲಿಲ್ಲ. ಅವನ ಪಕ್ಕದ ದಾರದ ಅಂಗಡಿಯವನು ಈ ಕಡೆಗೆ ಬಂದು ನಿಂತ. ಈ ದಾರದವನು ಏಣಿಯಕ್ಕನಿಗೆ ಬೇಕಾದ ಮನುಷ್ಯ. ವಾರಕ್ಕೊಮ್ಮೆ ಅವನಲ್ಲಿಗೆ ಹೋದರೆ ಕುರ್ಚಿ ಸರಿಸುತ್ತಿದ್ದ, ಅಮ್ಮ ಕಾಯಿಲೆಯಾಗಿದ್ದಾಗ ತಪ್ಪದೆ ವಿಚಾರಿಸುತ್ತಿದ್ದ. ಊರಲ್ಲಿ ತನಗೊಬ್ಬ ಸ್ನೇಹಿತನಿದ್ದಾನೆಂದು ಅವಳು ಲೆಕ್ಕ ಹಿಡಿದಿದ್ದರೆ ಅದು ಇವನೇ.

"ಚಿಕ್ಕೋಳು ಆಡೋಳು, ದೊಡ್ಡೋಳು ಹೇಳ್ಕೊಡೋಳು ಇರ್ಬೇಕು" ಎಂದ ದಾರದವನು, ಅವರಿಗೆ ತನ್ನ ಮಾತು ತಿಳಿಯದೆಂಬ ಧೈರ್ಯದಲ್ಲಿ. "ಗತ್ತು ನೋಡು ನಿಂತಿರೋದ್ರಲ್ಲಿ."

"ನಮ್ಮ ಪರದೆ ಅಂಗಡಿ ಏಣೀನೂ ಇಷ್ಟೇ ಉದ್ದ ಅಲ್ವಾ?" ಎಂದ ಚಪ್ಪಲಿಯವನು.

"ಛೆ, ಎಲ್ಲಿಂದೆಲ್ಲಿಗೆ! ಅವಳು ನಡೆಯೋದು ನೋಡಿದ್ರೆ ನೆಲದಲ್ಲಿ ಬಿದ್ದ ಸೂಜಿ ಹುಡುಕ್ತಿರೋ ಹಾಗಿರುತ್ತೆ. ಪಾಪ, ಯಾರೂ ಇಲ್ಲ ಅವಳಿಗೆ. ಅಂಗಡಿಗೆ ಬಂದ್ರೆ ಬೇಗ ಏಳೋದೇ ಇಲ್ಲ. ಬೇಡ ಅನ್ನೋಕೂ ಮನಸ್ಸು ಬರಲ್ಲ. ಎತ್ತರ ಅಂದ್ರೆ ಇವರ ಥರ ಇರ್ಬೇಕು ನೋಡು."

ಏಣಿಯಕ್ಕ ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಳು. ಚಪ್ಪಲಿಯವನು ಮೂರು ಪಟ್ಟು ಬೆಲೆ ಹೇಳಿದ. ಅವಳಿಗೆ ನಿಜವಾದ ಬೆಲೆ ಗೊತ್ತು. ಬಾಯಿ ಬಿಟ್ಟರೆ ಬೆಲೆ ಇಳಿಯುತ್ತಿತ್ತು, ಜೊತೆಗೆ ಅವಳೂ ಇಳಿಯುತ್ತಿದ್ದಳು. ಬಿಡಲಿಲ್ಲ. ಮರಿ ಅವನು ಹೇಳಿದಷ್ಟು ಕೊಟ್ಟು, ಗಂಡಸರ ಕಪ್ಪು ಚಪ್ಪಲಿ ಮೆಟ್ಟಿ, ಖುಷಿಯಿಂದ ಕಾಲು ಕುಣಿಸಿದಳು. ಹೊರಗೆ ಬಂದ ಮೇಲೆ ಏಣಿಯಕ್ಕನ ಮುಖ ನೋಡಿ ಏನಾಯಿತೆಂದು ಹುಬ್ಬಲ್ಲೇ ಕೇಳಿದಳು. ಹೇಳಲು ಇಬ್ಬರ ನಡುವೆ ಭಾಷೆ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ಮರಿಯ ಕೈಯನ್ನು ಮತ್ತೆ ತನ್ನ ಭುಜದ ಮೇಲೆ ಇರಿಸಿಕೊಂಡು ನಡೆದಳು.

ತಂಡದ ಕೊನೆಯ ಪಂದ್ಯಕ್ಕೆ ಮರಿ ಅವಳನ್ನೂ ಕರೆದೊಯ್ದು ಆಟಗಾರರ ಬೆಂಚಿನ ಹಿಂದಿನ ಸಾಲಿನಲ್ಲಿ ಕೂರಿಸಿದಳು. ಏಣಿಯಕ್ಕನಿಗೆ ಆಟದ ನಿಯಮ ತಿಳಿಯಲಿಲ್ಲ. ಅಷ್ಟು ಜನ ಎತ್ತರದ ಹೆಂಗಸರು ಒಟ್ಟಿಗೆ ಓಡುವುದನ್ನು, ಕೈಯೆತ್ತುವುದನ್ನು, ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ನೋಡುತ್ತಿದ್ದಳು. ಸಾವಿರಾರು ಜನ ಅದಕ್ಕೇ ದುಡ್ಡು ಕೊಟ್ಟು ಬಂದು ಚಪ್ಪಾಳೆ ತಟ್ಟುತ್ತಿದ್ದರು. ತಂಡದಲ್ಲಿ ಒಬ್ಬಳು ಗಿಡ್ಡಿ ಇದ್ದಳು. ಗಿಡ್ಡಿಯೆಂದರೆ ನಮ್ಮ ಊರಿನ ಲೆಕ್ಕದಲ್ಲಿ ಎತ್ತರವೇ. ಬಿಡುವಿನಲ್ಲಿ ಎಲ್ಲರೂ ಅವಳ ತಲೆಯ ಮೇಲೆ ನೀರಿನ ಬಾಟಲಿ ಇಟ್ಟು ನಗುತ್ತಿದ್ದರು. ಆ ಹುಡುಗಿಯೂ ನಗುತ್ತಿದ್ದಳು. ಆ ನಗು ಏಣಿಯಕ್ಕನಿಗೆ ಚೆನ್ನಾಗಿ ಪರಿಚಯವಿತ್ತು. ಆಮೇಲೆ ಅವಳು ಪೂರ್ತಿ ಪಂದ್ಯ ಆ ಗಿಡ್ಡಿಯೊಬ್ಬಳನ್ನೇ ನೋಡಿದಳು. ತಂಡ ಸೋತಿತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಮರಿಯೂ ಆ ಗುಂಪಿನೊಳಗೆ ಸೇರಿಕೊಂಡಳು. ಹಿಂದಿನ ಸಾಲಿನಲ್ಲಿ ಏಣಿಯಕ್ಕ ಒಬ್ಬಳೇ ಎದ್ದು ನಿಂತಿದ್ದಳು, ಕೂರಬೇಕೋ ಹೋಗಬೇಕೋ ತಿಳಿಯದೆ.

ಅವರು ಹೊರಟ ಬೆಳಿಗ್ಗೆ ಜಾಕೆಟ್ಟನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟಳು. ಇಟ್ಟುಕೋ ಅನ್ನುತ್ತಾಳೆಂದು ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ಜಾಕೆಟ್ಟು ತಂಡದ ಸ್ವತ್ತಂತೆ, ಎಣಿಸಿ ಒಪ್ಪಿಸಬೇಕಂತೆ, ಸ್ವಯಂಸೇವಕಿ ಸಂಕೋಚದಿಂದ ಹೇಳಿದಳು. ಮರಿ ತನ್ನ ಅಂಗಿಯಲ್ಲಿದ್ದ ಪುಟ್ಟ ಪಿನ್ನನ್ನು ಕಿತ್ತು ಏಣಿಯಕ್ಕನ ಕೊರಳಪಟ್ಟಿಗೆ ಚುಚ್ಚಿ, ಬಗ್ಗಿ ಅಪ್ಪಿಕೊಂಡಳು. ಬಗ್ಗಿದ್ದು ಮರಿ. ಬಸ್ಸು ಹೊರಟಿತು. ಕಿಟಕಿಯಲ್ಲಿ ಎಲ್ಲ ಕೈಗಳೂ ಒಂದೇ ಥರ ಕಾಣುತ್ತಿದ್ದವು.

ಮರುದಿನ ಅಂಗಡಿಗೆ ಹೋಗುವಾಗ ಮಾರುಕಟ್ಟೆಯ ತಿರುವಿನಲ್ಲಿ ಅವಳ ಬೆನ್ನು ತಾನಾಗಿಯೇ ಬಾಗಿತು. ಅರಿವಾಗಿ ನೆಟ್ಟಗಾದಳು. ಹತ್ತು ಹೆಜ್ಜೆಗೆ ಮತ್ತೆ ಬಾಗಿತು. ದಾರದ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋದಳು. ಅಂದಿನಿಂದ ದಾರವನ್ನು ಬಸ್ ನಿಲ್ದಾಣದ ಆಚೆಯ ಅಂಗಡಿಯಿಂದ ತರತೊಡಗಿದಳು. ಅಲ್ಲಿ ಕುರ್ಚಿ ಇರಲಿಲ್ಲ. ದಾರದವನು ಅಂಗಡಿಯ ದರ್ಜಿಯನ್ನು ಎರಡು ಮೂರು ಸಲ ಕೇಳಿದನಂತೆ, "ಏಣಿಯಕ್ಕ ಯಾಕೆ ಬರ್ತಿಲ್ಲ? ಹುಷಾರಿಲ್ವಾ?" ಎಂದು. ಅವನ ದನಿಯಲ್ಲಿ ನಿಜವಾದ ಕಾಳಜಿಯೇ ಇದ್ದಿರಬೇಕು. ಅದನ್ನು ಕೇಳಿ ಅವಳಿಗೆ ಒಂದು ದಿನ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಅವನ ಅಂಗಡಿಯಲ್ಲಿ ತಾನು ಕೂತಿದ್ದ ಅಷ್ಟೂ ಸಂಜೆಗಳನ್ನು ನೆನೆಸಿಕೊಂಡು, ಅವನು ಯಾವ ಯಾವಾಗ ಗಡಿಯಾರ ನೋಡಿದ್ದ ಎಂದು ಹುಡುಕುತ್ತಿದ್ದಳು.

ಮರಿಯಿಂದ ಫೋನಿಗೆ ಚಿತ್ರಗಳು ಬಂದವು. ಹಸುವಿನ ಪಕ್ಕ ಮರಿ, ಹಿಮದಲ್ಲಿ ಮರಿ, ತನಗಿಂತ ಎತ್ತರದ ಅಮ್ಮನ ಪಕ್ಕ ಮರಿ. ಏಣಿಯಕ್ಕ ಹೊಸ ಪರದೆಗಳ ಚಿತ್ರ ಕಳಿಸಿದಳು. ಬೇರೆ ಏನು ಕಳಿಸುವುದೆಂದು ತೋಚಲಿಲ್ಲ. ಚಿತ್ರಗಳು ಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಆಮೇಲೆ ನಿಂತವು. ಓದುವ ಹುಡುಗಿ, ಪರೀಕ್ಷೆಗಳಿರುತ್ತವೆ ಎಂದುಕೊಂಡಳು.

ಬೆನ್ನು ನೋಯಲು ಶುರುವಾಗಿತ್ತು. ನೆಟ್ಟಗಾಗಲು ಹೋಗಿ ಬಂದ ನೋವು. ಸರ್ಕಾರಿ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಅವಳನ್ನು ಗೋಡೆಗೆ ನಿ‌ಲ್ಲಿಸಿ, ಹಿಮ್ಮಡಿ, ಸೊಂಟ, ಭುಜ ಎಲ್ಲ ಗೋಡೆಗೆ ತಾಗಿಸಲು ಹೇಳಿದಳು. ತಲೆ ಮಾತ್ರ ತಾಗಲಿಲ್ಲ. ಆ ಹೆಂಗಸು ಸ್ಟೂಲ್ ಹತ್ತಿ ತಲೆಗೂ ಗೋಡೆಗೂ ನಡುವೆ ಬೆರಳು ತೂರಿಸಿ ನೋಡಿದಳು.

"ನಾಲ್ಕು ಬೆರಳು ಸಂದು. ಎಷ್ಟು ವರ್ಷದಿಂದ ಹೀಗೆ ನಿಲ್ತಿದ್ದೀರ?"

"ಚಿಕ್ಕವಳಿದ್ದಾಗಿಂದ."

"ಪೂರ್ತಿ ಹೋಗಲ್ಲ, ಸುಳ್ಳು ಹೇಳಲ್ಲ ನಾನು. ಆದ್ರೆ ಕಮ್ಮಿ ಆಗುತ್ತೆ. ದಿನಾ ಹೀಗೆ ಗೋಡೆಗೆ ನಿಂತ್ಕೊಳ್ಳಿ. ವಾರಕ್ಕೊಂದ್ಸಲ ಮನೇಲಿ ಯಾರಿಗಾದ್ರೂ ಬೆರಳಿಟ್ಟು ನೋಡೋಕೆ ಹೇಳಿ."

ಏಣಿಯಕ್ಕ ಸರಿ ಎಂದು ತಲೆಯಾಡಿಸಿ ಬಂದಳು.

ದಿನವೂ ಬೆಳಿಗ್ಗೆ ಮಂಚದ ಪಕ್ಕದ ಗೋಡೆಗೆ ನಿಂತಳು. ನಿಲ್ಲುವುದೇನೋ ಆಯಿತು, ಅಳೆಯುವುದು ಹೇಗೆ? ತಾನೇ ಕೈ ಹಿಂದೆ ಒಯ್ದರೆ ಭುಜ ಗೋಡೆ ಬಿಡುತ್ತಿತ್ತು. ಭುಜ ಹಿಡಿದಿಟ್ಟರೆ ತಲೆ ಮುಂದೆ ಬರುತ್ತಿತ್ತು. ಬಟ್ಟೆಯ ಸುರುಳಿ ಇಟ್ಟು ನೋಡಿದಳು, ಅದು ಜಾರಿ ಬಿತ್ತು. ಕೆಳಗಿನ ಬ್ಯಾಟರಿಯವನನ್ನು ಕರೆದು ತಲೆಯ ಹಿಂದೆ ಬೆರಳಿಡು ಅನ್ನಲಾದೀತೇ?

ಒಂದು ಭಾನುವಾರ ತಂಗಿ ಹೇಳದೆ ಕೇಳದೆ ಬಂದಳು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಕೂರುವ ಮೊದಲೇ ಫೋನು ಮುಂದೆ ಹಿಡಿದಳು. ಮಾರುಕಟ್ಟೆಯಲ್ಲಿ ಯಾರೋ ತೆಗೆದ ಚಿತ್ರ. ಜಾಕೆಟ್ಟು ತೊಟ್ಟ ಇಬ್ಬರು ಎತ್ತರದ ಹೆಂಗಸರು.

"ನಮ್ಮೆಜಮಾನ್ರು ತೋರ್ಸಿದ್ರು. ಈ ಫಾರಿನ್ ಹೆಂಗಸು ನಿಮ್ಮಕ್ಕನ ಥರ ಇದ್ದಾಳಲ್ಲ ಅಂದ್ರು. ನಾನು ಇಲ್ಲಪ್ಪ, ಇವಳೆಲ್ಲಿ ನಮ್ಮಕ್ಕ ಎಲ್ಲಿ ಅಂದುಬಿಟ್ಟೆ. ಆಮೇಲೆ ಚಪ್ಪಲಿ ನೋಡಿದೆ ಕಣೆ." ತಂಗಿ ಫೋನು ಕೆಳಗಿಟ್ಟಳು. "ನೀನು ಇಷ್ಟು ಚೆನ್ನಾಗಿದ್ದೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ನನಗೂ" ಎಂದಳು ಏಣಿಯಕ್ಕ.

ಇಬ್ಬರೂ ಟೀ ಕುಡಿದರು. ಅತ್ತೆಯ ಕಾಯಿಲೆ, ಮಕ್ಕಳ ಶಾಲೆಯ ಮಾತಾಯಿತು. ಹೊರಡುವ ಹೊತ್ತಿಗೆ ಏಣಿಯಕ್ಕ, "ಒಂದು ಕೆಲಸ ಮಾಡ್ತೀಯಾ?" ಎಂದು ಗೋಡೆಗೆ ನಿಂತಳು. ತಂಗಿ ಸ್ಟೂಲ್ ಎಳೆದು ಹತ್ತಿ, ಅಕ್ಕನ ತಲೆಯ ಹಿಂದೆ ಬೆರಳು ತೂರಿಸಿದಳು.

"ಮೂರು... ತಾಳು, ಮೂರೂವರೆ."

"ನಿನ್ನ ಬೆರಳು ಸಣ್ಣ. ಆಸ್ಪತ್ರೆಯವಳದ್ದು ದಪ್ಪ. ಹಾಗಾದ್ರೆ ಕಮ್ಮಿಯಾಗಿದೆ ಅಂತಾಯ್ತು."

"ಎಲ್ಲದಕ್ಕೂ ಲೆಕ್ಕ ನಿಂದು" ಎಂದು ತಂಗಿ ನಕ್ಕಳು. ನಕ್ಕ ಮೇಲೂ ಬೆರಳು ತೆಗೆಯಲಿಲ್ಲ. ಅಕ್ಕನ ಕೂದಲಲ್ಲಿ ಅಷ್ಟು ಬಿಳಿಯಿದೆಯೆಂದು ಅವಳು ನೋಡಿದ್ದು ಅಂದೇ, ಅಷ್ಟು ಮೇಲಿನಿಂದ. ಅಕ್ಕನ ತಲೆಯ ಮೇಲೆ ಕೈಯಾಡಿಸಿ ಇಳಿದಳು. "ಮುಂದಿನ ಭಾನುವಾರ ಬಂದು ಮತ್ತೆ ನೋಡ್ತೀನಿ."

ಮುಂದಿನ ಭಾನುವಾರ ಅತ್ತೆಗೆ ಜ್ವರ. ಅದರ ಮುಂದಿನ ವಾರ ಮಗನ ಪರೀಕ್ಷೆ. ತಂಗಿ ಬಂದದ್ದು ಒಂದೂವರೆ ತಿಂಗಳಿಗೆ, ಬಂದಾಗ ಅಳೆದಳು, ಮೂರು ಬೆರಳು. ಈಗಲೂ ಬಂದಾಗ ತಪ್ಪದೆ ಅಳೆಯುತ್ತಾಳೆ. ಬಾರದ ವಾರಗಳಲ್ಲಿ ಏಣಿಯಕ್ಕ ಬೆಳಿಗ್ಗೆ ಎದ್ದು, ಕೆಳಗೆ ಬ್ಯಾಟರಿ ಅಂಗಡಿಯ ಬಾಗಿಲು ಮೇಲೆತ್ತುವ ಸದ್ದು ಕೇಳುವವರೆಗೂ, ಎಷ್ಟಾಗಿದೆಯೆಂದು ತಿಳಿಯದೆಯೇ ಗೋಡೆಗೆ ನಿಂತಿರುತ್ತಾಳೆ.